ನೀರು ಕುಡಿಯುತ್ತಿದ್ದ ಗೋಡೆ

ಫೆಬ್ರವರಿ 11, ಸಂಜೆ 5.40. ಬ್ರಹ್ಮಾವರದ ನಮ್ಮ ಪಕ್ಕದ ಮನೆಯವರು ಸುಣ್ಣ ಬಳಿಸುತ್ತಿದ್ದಾರೆ. ಹಸಿ ಸುಣ್ಣದ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ, ಮೂರು ವರ್ಷದ ಹಿಂದಿನ ಆ ಮೇಸ್ತ್ರಿ ಅಜ್ಜ ನೆನಪಾದರು...

ಬೈಂದೂರಿನ ಕಡಲ ಹತ್ತಿರ ಹೊಸದಾಗಿ ತೆರೆದಿದ್ದ ಹೋಟೆಲೊಂದರಲ್ಲಿ ಆರು ದಿನಕ್ಕೆ ಕೋಣೆ ಹಿಡಿದಿದ್ದೆ. ಕೆಂಪುಕಲ್ಲಿನ ಗೋಡೆ, ತೆಂಗಿನ ಮಡಲು ಹೊದಿಸಿದ ಮಾಡು, ಸಿಮೆಂಟಿನ ಬದಲು ಹೊಳೆಯ ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆ. ನನಗೆ ಬೇಕಿದ್ದದ್ದು ಪರೀಕ್ಷೆಗೆ ಓದಲು ಸದ್ದಿಲ್ಲದ ಜಾಗ, ಅಷ್ಟೆ.

ಮೊದಲ ದಿನ ಬೆಳಿಗ್ಗೆ 6.05ಕ್ಕೆ ಗೋಡೆಗೆ ರಪ್ಪನೆ ನೀರು ಬಿತ್ತು. 11.20ಕ್ಕೆ ಮತ್ತೆ. ನಾಲ್ಕಕ್ಕೆ ಮತ್ತೆ, ಈ ಸಲ ಕೋಣೆಯ ಒಳಗೇ, ನನ್ನ ನೋಟ್ಸಿನ ಮೇಲೂ. ಗೋಡೆ ಕಟ್ಟಿದ ಅಜ್ಜನೇ ಬಾಲ್ದಿ, ಚೆಂಬು ಹಿಡಿದು ನಿಂತಿದ್ದರು.

"ಅಜ್ಜಾ, ಎಷ್ಟ್ ಸಲ ಮರ್ರೆ? ಓದೂಕೆ ಬಿಡಿ!"

"ನಿಮ್ಗ್ ಮಾತ್ರ ಆಸ್ರಿಗೆ ಕುಡೂಕೆ ಬೇಕಾ? ಗ್ವಾಡಿಗೆ ಬ್ಯಾಡ್ದಾ? ಹ್ವಾಯ್, ಒರ್ಗಿ ಕೂಕಣ್ಬೇಡಿ, ಅದಿನ್ನೂ ಹಸಿ ಬಾಣಂತಿ!"

ನಲವತ್ತು ದಿನ ಹೀಗೆ ನೀರು ಕುಡಿಸಿದರೆ ಮಾತ್ರ ಆ ಗಾರೆ ಕಲ್ಲಾಗುತ್ತದಂತೆ. ಮಾಲೀಕರು ಇಪ್ಪತ್ತೊಂದನೆಯ ದಿನಕ್ಕೇ ಅತಿಥಿಗಳನ್ನು ಕರೆದಿದ್ದರು. ಅದು ನನ್ನ ತಪ್ಪೇ? ಮೂರು ದಿನಕ್ಕೆ ಒಂಬತ್ತು ಸಲ ನೀರು, ಎರಡು ಪುಸ್ತಕ ಒದ್ದೆ, ಒಂದು ಅಂಗಿಗೆ ಸುಣ್ಣ... ಎಲ್ಲವನ್ನೂ ಬರೆದಿಟ್ಟೆ. ಅಜ್ಜನಿಗೆ ಓದು ಬರುತ್ತಿರಲಿಲ್ಲ. "ಎಂತ ಬರೂದ್? ಓದಿ ಕಾಂಬ" ಎಂದರು. ಸಿಟ್ಟಿನಲ್ಲೇ ಓದಿದೆ. ಅವರಿಗೆ ಖುಷಿಯೋ ಖುಷಿ!

"ಲೆಕ್ಕ ಸಮಾ ಇತ್ತ್. ಈ ಗ್ವಾಡಿ ನಿಂತ್ರೆ ಇನ್ನ್ ನಾಕ್ ಜನ ನನ್ನ ಕರೀತ್ರ್."

ನಾಲ್ಕನೆಯ ದಿನ ಅದೇ ಲೆಕ್ಕವನ್ನು ಮಾಲೀಕರ ಮುಂದಿಟ್ಟು ದೂರು ಕೊಟ್ಟೆ. ಅವರು ಅಜ್ಜನನ್ನು ಕರೆದು, "ಇನ್ ನೀರ್ ಹಾಕೂದ್ ಬ್ಯಾಡ" ಎಂದರು. ಅಜ್ಜ ನನ್ನ ಕಡೆ ನೋಡಲಿಲ್ಲ. ಬಾಲ್ದಿ ಬೋರಲು ಹಾಕಿ ಹೋದರು. ಉಳಿದ ದಿನ ನಾನು ಚೆನ್ನಾಗಿ ಓದಿದೆ.

ಕಳೆದ ತಿಂಗಳು ಆ ದಾರಿಯಲ್ಲಿ ಹೋಗುವಾಗ ಬಸ್ಸಿಳಿದು ನೋಡಿದೆ. ಗೋಡೆಗೆಲ್ಲ ಸಿಮೆಂಟು.

"ಆ ಅಜ್ಜನ ಗಾರೆ ಒಂದೇ ಮಳ್ಗಾಲಕ್ಕೆ ಹುಡಿ ಹುಡಿ ಆಯ್ತ್ ಮರ್ರೆ. ಕೆಲ್ಸ ಗೊತ್ತಿಲ್ದವ್ರು" ಎಂದರು ಮಾಲೀಕರು.

ಮಾಲೀಕರು ಊರಿಗೆಲ್ಲ ಹಾಗೇ ಹೇಳಿದ್ದಾರಂತೆ, ಪಕ್ಕದ ಅಂಗಡಿಯವರು ತಿಳಿಸಿದರು. ಮತ್ತೆ ಯಾರೂ ಅಜ್ಜನನ್ನು ಕೆಲಸಕ್ಕೆ ಕರೆಯಲಿಲ್ಲವಂತೆ. ಹೋದ ವರ್ಷ ತೀರಿಕೊಂಡರಂತೆ... ಅಜ್ಜನ ಮೇಲಿನ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ. ಅಷ್ಟು ಜೋರು ಬಾಯಿಯ ಮನುಷ್ಯ, ಆ ದಿನ ಮಾಲೀಕರ ಎದುರು ಒಂದು ಮಾತು ಆಡಬಾರದಿತ್ತೇ?

ಅವರ ಮನೆ ಬಸ್ರೂರಿನ ಕಡೆ ಎಂದಷ್ಟೇ ಗೊತ್ತು. ಬಲ್ಲವರು ದಯವಿಟ್ಟು ನನಗೆ ಬರೆಯಿರಿ. ಗೋಡೆಗೆ ನೀರು ಹಾಕುವುದು ನಿಂತದ್ದು ನನ್ನ ದೂರಿನಿಂದ ಎಂದು ಅವರ ಮಕ್ಕಳಿಗಾದರೂ ಹೇಳಬೇಕು.