ಹಲೋ ಅಕ್ಕನ ಎರಡು ಗಂಟಲು

ಹಲೋ ಅಕ್ಕನಿಗೆ ಮನುಷ್ಯರ ಮೇಲೆ ಸಿಟ್ಟು ಬರುತ್ತಿದ್ದದ್ದು ಕಡಿಮೆ. ಅವಳ ಜಗಳವೆಲ್ಲ ವಸ್ತುಗಳ ಜೊತೆ. ‘ಇಲ್ಲಿ ಹರಿಯಿರಿ’ ಎಂದು ಬಾಣ ಹಾಕಿ ತೋರಿಸಿದ ಪೊಟ್ಟಣ ಅದೊಂದು ಜಾಗ ಬಿಟ್ಟು ಬೇರೆಲ್ಲ ಕಡೆ ಹರಿಯುತ್ತಿತ್ತು. ಕೈಯೊಡ್ಡಿದರೆ ತಾನಾಗಿ ನೀರು ಬಿಡುವ ಆಸ್ಪತ್ರೆಯ ಹೊಸ ನಲ್ಲಿ, ಪಕ್ಕದವರಿಗೆಲ್ಲ ಧಾರಾಳವಾಗಿ ಸುರಿದು, ಇವಳ ಸರದಿ ಬಂದಾಗ ಮೌನವ್ರತ ಹಿಡಿಯುತ್ತಿತ್ತು. “ಇದು ಕೈ ಅಲ್ವಾ? ಸೌಟಾ?” ಎಂದು ಅವಳು ನಲ್ಲಿಯನ್ನೇ ಕೇಳುತ್ತಿದ್ದಳು. ಮನೆಯಲ್ಲಿ ಫ್ಯಾನಿಗೆ ರಿಮೋಟು ಬಂದಾಗಿನಿಂದ ಸೆಕೆಯಾದರೆ ಮೊದಲು ದಿಂಬುಗಳನ್ನೆಲ್ಲ ಎತ್ತಿ ಹುಡುಕಬೇಕು, ಹುಡುಕಿ ಮುಗಿಯುವಷ್ಟರಲ್ಲಿ ಮೈಯೆಲ್ಲ ಬೆವರು. “ಗೋಡೆ ಮೇಲಿದ್ದ ಸ್ವಿಚ್ಚು ಯಾವತ್ತಾದ್ರೂ ಸೋಫಾ ಸಂದಿಗೆ ಹೋಗಿ ಬಚ್ಚಿಟ್ಟುಕೊಂಡಿತ್ತಾ, ಹೇಳಿ?” ಎನ್ನುವಳು ಗಂಡನಿಗೆ.

ಗಂಡ ದರ್ಜಿ. ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಯಂತ್ರ, ಕತ್ತರಿ, ಗೋಡೆಗೆ ತೂಗುಹಾಕಿದ ಅರೆಬರೆ ಕೋಟುಗಳು. ಹಲ್ಲಿನ ನಡುವೆ ಸದಾ ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದುದರಿಂದ ಅವನು ಎಲ್ಲದಕ್ಕೂ “ಹೂಂ” ಎನ್ನುತ್ತಿದ್ದ. ಅಕ್ಕನಿಗೆ ಅಷ್ಟು ಸಾಕಾಗುತ್ತಿತ್ತು.

ಅವಳಿಗೆ ಆ ಹೆಸರು ಬಂದದ್ದು ಕೆಲಸದಿಂದ. ದೊಡ್ಡಾಸ್ಪತ್ರೆಯ ಮೆಟ್ಟಿಲ ಕೆಳಗೊಂದು ಗೂಡಿನಂಥ ಕೋಣೆ, ಅದರಲ್ಲಿ ಗುಂಡಿಗಳ ಹಲಗೆ, ಎರಡು ಫೋನು, ಒಂದು ಕುರ್ಚಿ. ಹೊರಗಿನಿಂದ ಬಂದ ಕರೆಯನ್ನೆಲ್ಲ ಎತ್ತಿ ಆಯಾ ವಾರ್ಡಿಗೆ, ಆಯಾ ವೈದ್ಯರಿಗೆ ದಾಟಿಸುವುದು ಅವಳ ಕೆಲಸ. ಮದುವೆಗೆ ಮೊದಲೇ ಸೇರಿದವಳು ತಲೆಗೂದಲು ನೆರೆಯುವವರೆಗೂ ಅಲ್ಲೇ ಕೂತಿದ್ದಳು. ಫೋನೆತ್ತಿ ಅವಳು “ಹಲೋ” ಅಂದರೆ ಆ ಕಡೆಯವರಿಗೆ ಅರ್ಧ ಕಾಯಿಲೆ ವಾಸಿಯಾಗುತ್ತಿತ್ತಂತೆ. ಅಷ್ಟು ಮೆತ್ತಗೆ, ಅಷ್ಟು ನಿಧಾನ. ವಿಚಿತ್ರವೆಂದರೆ ಆ ಗಂಟಲು ಫೋನು ಕೈಲಿದ್ದಾಗ ಮಾತ್ರ ಬರುತ್ತಿತ್ತು. ಕೆಳಗಿಟ್ಟ ತಕ್ಷಣ ಅವಳ ಸ್ವಂತ ಗಂಟಲು, ತಗಡಿನ ಮೇಲೆ ಕಲ್ಲು ಎಳೆದಂಥದ್ದು, ವಾಪಸು ಬರುತ್ತಿತ್ತು. ಗಂಡ ಪಿನ್ನು ಕಚ್ಚಿಕೊಂಡಿರದ ಅಪರೂಪದ ಗಳಿಗೆಯೊಂದರಲ್ಲಿ ನೆಂಟರ ಮುಂದೆ ಹೇಳಿದ್ದ: “ನಾನು ಮೆಚ್ಚಿದ್ದು ಆ ಗಂಟಲನ್ನ. ಮನೆಗೆ ಬಂದಿದ್ದು ಈ ಗಂಟಲು.”

ಇಂಥ ಅಕ್ಕನನ್ನು ಒಂದು ದಿನ ಆಡಳಿತಾಧಿಕಾರಿ ಸಾಹೇಬರು ಕರೆಸಿದರು. ಇನ್ನು ಮೇಲೆ ಫೋನು ಎತ್ತುವುದು ಯಂತ್ರ. ಕರೆ ಮಾಡಿದವರು ಇಂತಿಂಥ ನಂಬರು ಒತ್ತಿದರೆ ಕರೆ ತಾನೇ ಹೋಗುತ್ತದೆ. ಅಕ್ಕನಿಗೆ ಕೆಲಸವೇನೂ ಹೋಗುವುದಿಲ್ಲ, ವಿಚಾರಣೆ ಕೌಂಟರಿನಲ್ಲಿ ಕೂರಬಹುದು. “ಆದ್ರೆ ಜನಕ್ಕೆ ನಿಮ್ಮ ಧ್ವನಿ ಅಭ್ಯಾಸ ಆಗಿದೆ ನೋಡಿ. ಯಂತ್ರಕ್ಕೆ ನಿಮ್ಮ ಧ್ವನಿಯನ್ನೇ ತುಂಬೋಣ,” ಎಂದರು ಸಾಹೇಬರು, ಬಹುಮಾನ ಕೊಡುವವರ ಹಾಗೆ.

ಧ್ವನಿ ಹಿಡಿಯುವವನು ಬಂದು, ಹೊರಗಿನ ಸದ್ದು ನುಸುಳದಂತೆ ಆ ಗೂಡಿಗೆ ಕಂಬಳಿ ಕಟ್ಟಿ ಅಕ್ಕನನ್ನು ಒಳಗೆ ಕೂರಿಸಿದ. ಗಾಳಿಯಿಲ್ಲ, ಬೆಳಕಿಲ್ಲ. ಕೈಗೆ ಒಂದು ಹಾಳೆ ಕೊಟ್ಟ. ‘ನಮ್ಮ ಆಸ್ಪತ್ರೆಯ ವಿಶೇಷತೆಗಳನ್ನು ತಿಳಿಯಲು ಒಂದನ್ನು ಒತ್ತಿ. ತುರ್ತು ಚಿಕಿತ್ಸೆಗೆ ಎರಡನ್ನು ಒತ್ತಿ.’

“ತಲೆ ಒಡ್ಕೊಂಡೋನು ಮೊದಲು ವಿಶೇಷತೆ ಕೇಳಿಸ್ಕೋಬೇಕಾ?” ಎಂದಳು ಅಕ್ಕ.

“ಬರೆದಿರೋದನ್ನ ಓದಿ ಮೇಡಂ. ಸ್ವಲ್ಪ ನಗ್ತಾ ಓದಿ.”

“ಆಸ್ಪತ್ರೆಗೆ ಫೋನ್ ಮಾಡೋರ ಹತ್ರ ನಗೋದಾ?”

“ನಗು ಕೇಳ್ಸುತ್ತೆ ಮೇಡಂ.”

“ನೋವಲ್ಲಿರೋರಿಗೆ ಇನ್ನೂ ಚೆನ್ನಾಗಿ ಕೇಳ್ಸುತ್ತೆ,” ಎಂದು ಗೊಣಗಿಕೊಂಡೇ, ಅವನು ಬಿಡಲಿಲ್ಲವಾದ್ದರಿಂದ, ನಕ್ಕು ಓದಿದಳು. ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂಬುದನ್ನಂತೂ ಅವನಿಗೆ ತೃಪ್ತಿಯಾಗುವ ತನಕ ಹೇಳಿ ಹೇಳಿ ಕೊನೆಗೆ ಆ ಪದದ ಅರ್ಥವೇ ಅವಳಿಗೆ ಮರೆತುಹೋಯಿತು.

ಕೌಂಟರಿಗೆ ಬಂದ ಮೇಲೆ ಶುರುವಾಯಿತು ನಿಜವಾದ ಪಜೀತಿ. ಫೋನಿನಲ್ಲಿ ಗುಂಡಿ ಒತ್ತಿ ಒತ್ತಿ ಎಲ್ಲಿಗೂ ತಲುಪದವರೆಲ್ಲ ಬಸ್ಸು ಹಿಡಿದು ಖುದ್ದಾಗಿ ಬರತೊಡಗಿದರು. ಬಂದವರು ಮೊದಲು ಸಿಗುತ್ತಿದ್ದದ್ದು ಅಕ್ಕನಿಗೆ. ಅವಳು ತಗಡಿನ ಗಂಟಲಿನಲ್ಲಿ “ಏನ್ ಬೇಕಿತ್ತು?” ಎಂದು ಕೇಳಿದರೆ, ಅವರಿಗೆ ಬೇಕಾಗಿದ್ದದ್ದು ಆ ಹೆಂಗಸನ್ನು ಬೈಯುವುದು.

“ಆ ಫೋನಲ್ಲಿ ಒಬ್ಬಳು ಇದಾಳಲ್ಲ, ಏನ್ ಕೇಳಿದ್ರೂ ಹೇಳಿದ್ದೇ ಹೇಳ್ತಾಳೆ!” ಎಂದ ಬ್ಯಾಂಡೇಜು ಸುತ್ತಿದವನೊಬ್ಬ.

“ನಮ್ಮತ್ತೆ ಐಸಿಯುನಲ್ಲಿದ್ದಾರೆ, ಇವಳು ನಗ್ತಾಳೆ ರೀ,” ಎಂದಳು ಇನ್ನೊಬ್ಬಳು, ಕಣ್ಣೊರೆಸಿಕೊಳ್ಳುತ್ತ. “ಬಾಯಲ್ಲಿ ಏನೋ ಸಿಹಿ ಇಟ್ಕೊಂಡು ಮಾತಾಡೋ ಹಾಗೆ.”

ಅಕ್ಕನಿಗೆ ಒಳಗೊಳಗೇ ಮೈ ಉರಿಯಿತು. ನಾನೇ ಅವಳು ಎನ್ನಲು ಬಾಯಿ ಬರಲಿಲ್ಲ. ಅಲ್ಲ ಎನ್ನುವುದೂ ಸುಳ್ಳು. “ಅವಳ ಮಾತು ಬಿಡಿ, ಯಾವ ವಾರ್ಡು ಹೇಳಿ,” ಎಂದು ಮಾತು ತಿರುಗಿಸುವಳು. ಮನೆಗೆ ಬಂದು ಚೀಲವನ್ನು ಮೇಜಿನ ಮೇಲೆ ಕುಕ್ಕಿ, “ನನ್ನನ್ನ ನನ್ನೆದುರಿಗೇ ಬೈತಾರೆ ರೀ. ನಾನೂ ಹೌದು ಹೌದು ಅಂತ ತಲೆ ಆಡಿಸ್ತೀನಿ,” ಎಂದಳು.

“ಹೂಂ,” ಎಂದ ಗಂಡ. ಆ ದಿನ ಅದು ಸಾಕಾಗಲಿಲ್ಲ.

ಇದರ ನಡುವೆ ಅವಳ ಅಮ್ಮ ಮಾತು ಬಿಟ್ಟಳು. ಅಮ್ಮ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ, ಅಣ್ಣ-ಅತ್ತಿಗೆಯ ಜೊತೆ. ಕಿವಿ ಸ್ವಲ್ಪ ಮಂದ, ನಾಲಿಗೆ ಚುರುಕು. ಮಧ್ಯಾಹ್ನ ಊಟವಾದ ಮೇಲೆ ಹಳೇ ಕಾಲದ ಮನೆ ಫೋನಿನಿಂದ ಆಸ್ಪತ್ರೆಗೆ ಫೋನು ಮಾಡಿ ಮಗಳ ಜೊತೆ ನಾಲ್ಕು ಮಾತಾಡಿ, ಆಮೇಲೆ ಮಲಗುವುದು ಅವಳ ರೂಢಿ. ಆ ಕಡೆ ಇರುವುದು ಅಮ್ಮ ಎಂದು ಗೊತ್ತಾದ ಕೂಡಲೇ ಅಕ್ಕನಿಗೆ, ಫೋನು ಕೈಲಿದ್ದರೂ, ತಗಡಿನ ಗಂಟಲೇ ಬರುತ್ತಿತ್ತು. ಅಮ್ಮನಿಗೆ ಬಾಯಿಪಾಠ ಬರುತ್ತಿದ್ದದ್ದು ಆಸ್ಪತ್ರೆಯ ಅದೊಂದೇ ನಂಬರು. ಕೌಂಟರಿನಲ್ಲಿ ಮೊಬೈಲು ಇಟ್ಟುಕೊಳ್ಳುವಂತಿಲ್ಲವೆಂದು ಅಕ್ಕನ ಮೊಬೈಲು ಸಂಜೆಯವರೆಗೆ ಕಪಾಟಿನೊಳಗೆ. ಹೊಸ ಗಲಾಟೆಯಲ್ಲಿ ಅವಳಿಗೆ ಅಮ್ಮನ ಫೋನಿನ ನೆನಪೇ ಆಗಿರಲಿಲ್ಲ. ಅತ್ತಿಗೆಯೇ ಒಂದು ಸಂಜೆ ಫೋನು ಮಾಡಿದಳು.

“ಏನ್ರೀ, ನಿಮ್ಮಮ್ಮನಿಗೆ ಏನಂದ್ರಿ? ಮಗಳಿಗೆ ಕೊಬ್ಬು ಬಂದಿದೆ, ಇನ್ಮೇಲೆ ಅವಳ ಮುಖ ನೋಡಲ್ಲ ಅಂತ ಕೂತಿದ್ದಾರೆ.”

“ನಾನೇನಂದೆ? ಮಾತೇ ಆಡಿಲ್ವಲ್ಲ!”

“ಬಹುವಚನ ಹಚ್ಚಿ ಮಾತಾಡಿದ್ರಂತೆ.”

ಅಕ್ಕನಿಗೆ ಆಗ ಹೊಳೆಯಿತು. ಭಾನುವಾರ ಎದ್ದವಳೇ ಗಂಡನನ್ನೂ ಕರೆಯದೆ ಹೊರಟಳು. ಅಮ್ಮ ಕಿಟಕಿ ಪಕ್ಕದ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

“ಅಮ್ಮ, ಅದು ನಾನಲ್ಲ. ಮಷಿನ್ನು.”

“ಹೆತ್ತೋಳಿಗೆ ಗಂಟಲು ಗೊತ್ತಾಗಲ್ವಾ?”

“ಗಂಟಲು ನಂದೇ. ಮಾತಾಡಿದ್ದು ಮಷಿನ್ನು.”

“ಮಷಿನ್ನಿಗೆ ನಿನ್ನ ಗಂಟಲು ಯಾಕೆ ಕೊಟ್ಟೆ? ನಿನಗೆ ಹೆಚ್ಚಾಗಿತ್ತಾ?”

ವಿವರಿಸಿ ವಿವರಿಸಿ ಅಕ್ಕನ ತಲೆ ಚಿಟ್ಟು ಹಿಡಿಯಿತು. ಕೊನೆಗೆ ಫೋನನ್ನೇ ಮಂಚದ ಮೇಲಕ್ಕೆ ಎಳೆದು ತಂದು, ನಂಬರು ಹಾಕಿ, ದನಿ ಹೊರಗೆ ಕೇಳುವ ಗುಂಡಿ ಒತ್ತಿ, ಅಮ್ಮನ ಎದುರು ತುಟಿ ಬಿಗಿದುಕೊಂಡು ಕೂತಳು. ‘ನಮಸ್ಕಾರ. ನಿಮ್ಮ ಕರೆ ನಮಗೆ ಅಮೂಲ್ಯ. ದಯವಿಟ್ಟು...’ ಅಮ್ಮ ಒಮ್ಮೆ ಫೋನನ್ನು ನೋಡಿದಳು, ಒಮ್ಮೆ ಮಗಳ ತುಟಿ ನೋಡಿದಳು. ಆಮೇಲೆ ಕೈ ಚಾಚಿ ಮಗಳ ಬಾಯನ್ನು ಅಂಗೈಯಿಂದ ಮುಚ್ಚಿ, ಮತ್ತೊಮ್ಮೆ ಪೂರ್ತಿ ಕೇಳಿದಳು. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು.

“ಎಷ್ಟು ಚೆನ್ನಾಗಿ ಮಾತಾಡ್ತಾಳೆ ಇವಳು,” ಎಂದಳು ಅಮ್ಮ, ಕೈ ತೆಗೆದು. “ಈ ಥರ ನನ್ನ ಹತ್ರ ಯಾವತ್ತಾದ್ರೂ ಮಾತಾಡಿದ್ದೀಯಾ?”

ಅಮ್ಮ ಫೋನಿನ ಮೇಲೆ ಬಟ್ಟೆ ಹೊದಿಸುತ್ತ ತನ್ನಷ್ಟಕ್ಕೇ ಎಂಬಂತೆ ಹೇಳಿದಳು: “ಒಂದು ಒತ್ತಿ ನೋಡಿದೆ. ಎರಡು ಒತ್ತಿದೆ. ಇರೋದನ್ನೆಲ್ಲ ಒತ್ತಿದೆ. ಮಗಳು ಬೇಕು ಅಂದ್ರೆ ಒತ್ತೋಕೆ ಅದರಲ್ಲಿ ನಂಬರೇ ಇಲ್ಲ.”

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕನಿಗೆ ಅದೇ ಮಾತು ಕೊರೆಯಿತು. ಮಗಳ ಮಾತು ಹಾಗಿರಲಿ, ಅದರಲ್ಲಿ ಮನುಷ್ಯರನ್ನು ಕರೆಯುವುದಕ್ಕೇ ನಂಬರಿರಲಿಲ್ಲ. ಅದನ್ನು ನಕ್ಕು ನಕ್ಕು ಓದಿ ಕೊಟ್ಟವಳು ತಾನು. ಮರುದಿನ ಸಾಹೇಬರ ಕೋಣೆಗೆ ಹೋಗಿ, ಯಾವುದೂ ಬೇಡದವರ ಕರೆ ತನ್ನ ಕೌಂಟರಿಗೆ ಬರುವಂತೆ ಒಂದು ನಂಬರು ಸೇರಿಸಿ ಎಂದಳು.

“ಸಿಸ್ಟಮ್ಮಿನಲ್ಲಿ ಅವಕಾಶ ಇಲ್ಲಮ್ಮ.”

“ಸಿಸ್ಟಮ್ಮು ಮಾಡಿದ್ದು ಯಾರು ಸರ್?”

“ನೋಡೋಣ,” ಎಂದರು ಸಾಹೇಬರು. ಅವರ ‘ನೋಡೋಣ’ದ ಅರ್ಥ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮುಂದೆ ನಡೆದದ್ದು ಟೋಕನ್ ಯಂತ್ರದ ದೆಸೆಯಿಂದ. ಕೆಲವು ವಾರ ಕಳೆದು ಒಂದು ಸೋಮವಾರದ ನೂಕುನುಗ್ಗಲಿನಲ್ಲಿ, ಸರದಿಯ ಚೀಟಿ ಕೊಡುವ ಆ ಯಂತ್ರ ಎಲ್ಲರಿಗೂ ಒಂದೇ ನಂಬರು ಉಗುಳತೊಡಗಿತು. ನಾನು ಮೊದಲು, ನಾನು ಮೊದಲು ಎಂದು ಹಜಾರದ ತುಂಬ ಕಿತ್ತಾಟ. ಕಾವಲಿನವನ ಸಿಳ್ಳೆಗೆ ಯಾರೂ ಸೊಪ್ಪು ಹಾಕಲಿಲ್ಲ. ಗದ್ದಲ ಕೇಳಿ ಸಾಹೇಬರೇ ಇಳಿದು ಬಂದು, “ಏನಾದ್ರೂ ಹೇಳಮ್ಮ ಇವರಿಗೆ,” ಎಂದು ಕೌಂಟರಿನ ಮೈಕನ್ನು ಅಕ್ಕನ ಕೈಗೆ ತುರುಕಿದರು. ಕೈಗೆ ಹಿಡಿ, ಹಿಡಿಯಿಂದ ತಂತಿ, ಥೇಟು ಫೋನಿನ ಹಾಗೆ. ಅಷ್ಟು ಸಿಕ್ಕಿದ್ದೇ ತಡ, ಅಭ್ಯಾಸಬಲ, ಗಂಟಲು ತಾನೇ ಬದಲಾಯಿತು.

“ದಯವಿಟ್ಟು ಗಮನಿಸಿ. ಎಲ್ಲರೂ ಸಮಾಧಾನದಿಂದ ಸಹಕರಿಸಿ...”

ಹಜಾರ ಗಪ್‌ಚಿಪ್ಪಾಯಿತು. ಮೊದಲು ಯಾರೋ ಹಿಂದಿನಿಂದ ಕೂಗಿದರು: “ಅವಳೇ!” ಆಮೇಲೆ ಎಲ್ಲ ಕಡೆಯಿಂದಲೂ ಅದೇ. “ಅಯ್ಯೋ, ಅದೇ ಹೆಂಗಸು!” “ಇಲ್ಲೇ ಕೂತಿದಾಳೆ ನೋಡು!” ಜಗಳವಾಡುತ್ತಿದ್ದವರೆಲ್ಲ ಒಂದಾಗಿ ಕೌಂಟರಿಗೆ ಮುತ್ತಿದರು. ಊರುಗೋಲಿನ ಮುದುಕಿಯೊಬ್ಬಳು ಗಾಜಿನ ಕಿಂಡಿಯಲ್ಲಿ ಮೂಗಿಟ್ಟು, “ನೀನು ನಿಜವಾಗ್ಲೂ ಇದ್ದೀಯೇನೇ? ನಾನು ಒತ್ತಿದ್ದು ಒಂದೂ ಕೇಳಿಸಲಿಲ್ವಾ ನಿನಗೆ?” ಎಂದು ದಬಾಯಿಸಿದಳು.

ತಿಂಗಳುಗಟ್ಟಲೆ ಹಲ್ಲು ಕಚ್ಚಿಕೊಂಡಿದ್ದ ಅಕ್ಕನ ತಾಳ್ಮೆ ಅಲ್ಲಿಗೆ ಹರಿಯಿತು. ಮೈಕು ಕೈಲಿದ್ದರೂ ಈ ಸಲ ಬಂದದ್ದು ತಗಡಿನ ಗಂಟಲೇ.

“ನಾನೇ! ನಾನೇ ಅವಳು! ಬೈಯೋರು ಸಾಲಾಗಿ ನಿಂತ್ಕೊಳ್ಳಿ, ಟೋಕನ್ ಮಷಿನ್ನು ಕೆಟ್ಟಿದೆ. ನಮ್ಮಮ್ಮನೂ ಬೈದಾಯ್ತು, ನಿಮ್ಮದೊಂದು ಯಾಕೆ ಬಾಕಿ? ಆದ್ರೆ ಓದಿದ್ದಷ್ಟೇ ನಾನು. ಮನುಷ್ಯರು ಸಿಗೋ ನಂಬರು ಹಾಕಬೇಕಾದೋರು ಇವರು!” ಎಂದು ಮೈಕನ್ನು ಸಾಹೇಬರ ಮುಖಕ್ಕೆ ಹಿಡಿದಳು.

“ನೋಡೋಣ,” ಎಂದರು ಸಾಹೇಬರು. ಮೈಕಿನಲ್ಲಿ ಅದು ಹಜಾರವೆಲ್ಲ ಮೊಳಗಿತು.

“ಯಾವಾಗ ನೋಡೋದು?” ಎಂದು ಹಜಾರ ಒಟ್ಟಾಗಿ ಕೇಳಿತು.

ಸಾಹೇಬರು ಬೆವರೊರೆಸಿಕೊಂಡರು. ಮುದುಕಿ ಊರುಗೋಲನ್ನು ನೆಲಕ್ಕೆ ಕುಟ್ಟಿದಳು. ಬೇಗನೆ ಮಾಡಿಸುತ್ತೇನೆ ಎಂದು ಅವರು ಎಲ್ಲರೆದುರು ಒಪ್ಪಿಕೊಳ್ಳುವ ತನಕ ಯಾರೂ ಅವರನ್ನು ಮೆಟ್ಟಿಲು ಹತ್ತಲು ಬಿಡಲಿಲ್ಲ.

‘ಬೇಗನೆ’ ಅಂದದ್ದು ಮಳೆಗಾಲ ಮುಗಿಯುವವರೆಗೂ ಎಳೆಯಿತು, ಆದರೆ ಆಯಿತು. ಅವಕಾಶವಿಲ್ಲದ ಸಿಸ್ಟಮ್ಮಿನಲ್ಲಿ ಅವಕಾಶ ಹುಟ್ಟಿತು. ಓದಲು ಕೊಟ್ಟ ಹೊಸ ಹಾಳೆಯಲ್ಲಿ ‘ಪ್ರತಿನಿಧಿಯೊಂದಿಗೆ ಮಾತನಾಡಲು’ ಎಂದಿತ್ತು. “ನಾನು ಯಾರ ಪ್ರತಿನಿಧಿ? ಚುನಾವಣೆಗೆ ನಿಂತಿದ್ನಾ?” ಎಂದು ಅಕ್ಕ ಅದನ್ನು ಹೊಡೆದುಹಾಕಿಸಿ, ‘ಮನುಷ್ಯರ ಜೊತೆ ಮಾತಾಡಬೇಕಾದರೆ ಸೊನ್ನೆ ಒತ್ತಿ’ ಎಂದು ಓದಿದಳು. ಅದೂ ಎಲ್ಲಕ್ಕಿಂತ ಮೊದಲು.

ಪರಿಣಾಮ ಏನಾಯಿತೆಂದರೆ, ಊರಿಗೆ ಊರೇ ಉಳಿದದ್ದೇನನ್ನೂ ಕೇಳದೆ ಸೊನ್ನೆ ಒತ್ತತೊಡಗಿತು. ಕೌಂಟರಿನಲ್ಲಿ ಕಿಂಡಿಯ ಮುಂದೆ ಸಾಲು, ಕಿವಿಯಲ್ಲಿ ಫೋನು. ಫೋನಿನ ತಂತಿ ಗಿಡ್ಡ, ಕುರ್ಚಿಯಲ್ಲಿ ಕೂತರೆ ಎಟುಕದು. ದಿನವಿಡೀ ನಿಂತು ಅವಳ ಸೊಂಟ ಬಿದ್ದುಹೋಯಿತು. ಉದ್ದ ತಂತಿ ಕೇಳಿದರೆ ಸ್ಟೋರಿನವನು, ಅರ್ಜಿಯನ್ನು ಕಂಪ್ಯೂಟರಿನಲ್ಲಿ ಹಾಕಿ ಎಂದ. ಹಾಕಲು ಹೋದರೆ ಪಾಸ್‌ವರ್ಡು ಕೇಳಿತು. “ನನ್ನ ಚಪ್ಪಲಿ ತಗೊಂಡು ನಾನೇ ಹೊಡ್ಕೋಬೇಕು. ಬೇಡ ಬೇಡ ಅಂದ್ರೂ ಆ ಸೊನ್ನೆ ಹಾಕಿಸ್ದೋಳು ನಾನೇ,” ಎಂದು ಅವಳು ಮನೆಯಲ್ಲಿ ಕಾಲು ನೀಡಿ ಕೂತು ಹೇಳಿದರೆ, ಬೇಡ ಎಂದು ಯಾರೂ ಹೇಳಿರಲಿಲ್ಲವೆಂಬುದು ಗಂಡನಿಗೆ ಗೊತ್ತಿತ್ತು. ಅವನು ಪಿನ್ನು ತೆಗೆಯಲಿಲ್ಲ.

ಸಾಲು ಅತ್ಯಂತ ಉದ್ದವಿರುವ ಹೊತ್ತಿಗೇ ಸರಿಯಾಗಿ ಅಮ್ಮನ ಫೋನು. ಮೊದಲ ಸಲ ಅದು ಬಂದಾಗ ಅಕ್ಕ ಫೋನಿಗೆ ಕೈ ಅಡ್ಡ ಹಿಡಿದು, ಅಂದು ಅಮ್ಮನ ಮಂಚದ ಮೇಲೆ ಕೇಳಿಸಿಕೊಂಡ ಮಾತು ನೆನೆದು, ಬೇಕೆಂದೇ ಮೆತ್ತನೆಯ ಗಂಟಲಿನಲ್ಲಿ, “ಹೇಳಮ್ಮ, ಊಟ ಆಯ್ತಾ?” ಎಂದಳು.

“ಯಾಕೇ? ಮೈ ಹುಷಾರಿಲ್ವಾ?” ಅಮ್ಮನ ದನಿಯಲ್ಲಿ ಗಾಬರಿ. “ಅಥವಾ ಇದೂ ಮಷಿನ್ನಾ?”

“ನಾನೇ ಅಮ್ಮ!” ಎಂದು ಅಕ್ಕ ಕಿರುಚಿದಳು. ಸಾಲಿನಲ್ಲಿ ಮುಂದೆ ನಿಂತಿದ್ದವನು ಒಂದು ಹೆಜ್ಜೆ ಹಿಂದೆ ಸರಿದ. “ಚೆನ್ನಾಗಿ ಮಾತಾಡಿದ್ರೂ ತಪ್ಪಾ ನಿನಗೆ? ಬೇಗ ಹೇಳು, ಇಲ್ಲಿ ಜನ ಕಾಯ್ತಿದಾರೆ.”

“ಹಾಂ, ಈಗ ಸರಿಹೋಯ್ತು,” ಎಂದು ಅಮ್ಮ ನಿರಾಳವಾಗಿ ಶುರುಮಾಡಿದಳು. “ಕೇಳು, ನಿಮ್ಮಣ್ಣ ಬಟ್ಟೆ ಒಗೆಯೋಕೆ ಹೊಸ ಮಷಿನ್ ತಂದಿದಾನೆ. ಒಗೆದು ಮುಗಿದ ಮೇಲೆ ಅದು ಹಾಡು ಹೇಳುತ್ತೆ ಕಣೇ. ನಾನು ಇಷ್ಟು ವರ್ಷ ಒಗೆದಿದ್ದೀನಿ, ಯಾವತ್ತಾದ್ರೂ ಹಾಡಿದ್ನಾ?”