ತಮ್ಮ ಸುರಿದ ಎರಡು ಬಾಟಲಿ

ಕಾರು ಓಡಿಸಲು ಕಲಿತಾಗ ನನಗೆ ಐವತ್ತೊಂದು ವರ್ಷ. ಕೊಳ್ಳೇಗಾಲದ ಡ್ರೈವಿಂಗ್ ಸ್ಕೂಲಿನವರು, "ಯಾರ್ಗೆ ಮೇಡಂ, ಮಗಳಿಗಾ?" ಎಂದು ಕೇಳಿದ್ದರು. ನನಗೇ ಎಂದಾಗ ಅವರು ನಗು ತಡೆದುಕೊಂಡದ್ದು ಕಾಣಿಸಿತು. ನಾನು ಹನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ಕೊಳ್ಳೇಗಾಲದಲ್ಲಿ. ಇಪ್ಪತ್ತು ವರ್ಷಕ್ಕೂ ಮೇಲೆ ಬಸ್ಸಿನಲ್ಲೇ ಓಡಾಡಿದ್ದೆ. ಅಮಾವಾಸ್ಯೆ ಬಂತೆಂದರೆ ಬೆಟ್ಟದ ದೇವಸ್ಥಾನಕ್ಕೆ ಹೋಗುವವರ ನೂಕುನುಗ್ಗಲಿನಲ್ಲಿ ಒಂಟಿ ಕಾಲಲ್ಲಿ ನಿಂತು ಹೋಗಿ, ಬಂದು, ಮಂಡಿ ಎರಡೂ ಹೋಗಿದ್ದವು. ನಮ್ಮ ಯಜಮಾನರಿಗೆ ಸೈಕಲ್ಲಿಗಿಂತ ದೊಡ್ಡ ಗಾಡಿ ಯಾವುದೂ ಬರದು.

ಕಾರು ಕೊಟ್ಟವನು ನನ್ನ ತಮ್ಮ. ನನ್ನ ತವರು ಯಳಂದೂರಿನ ಹತ್ತಿರದ ಹೊನ್ನೂರು. ಅಪ್ಪ ತೀರಿಕೊಂಡ ಮೇಲೆ ಗದ್ದೆ, ತೆಂಗಿನ ತೋಟ ಎಲ್ಲವನ್ನೂ ನೋಡಿಕೊಂಡಿದ್ದವನು ಅವನೇ. ವರ್ಷ ತುಂಬುವ ಹೊತ್ತಿಗೆ ಒಂದು ದಿನ ಮನೆಗೆ ಬಂದು, ಕಾಫಿ ಲೋಟ ಕೈಯಲ್ಲೇ ಹಿಡಿದುಕೊಂಡು ಹೇಳಿದ:

"ಅಕ್ಕ, ಜಮೀನು ನನ್ನೊಬ್ಬನ್ ಎಸ್ರುಗೆ ಆಗ್ಬೇಕಾದ್ರೆ ನೀನೊಂದು ಸೈನ್ ಆಕ್ಬೇಕು. ಆಫೀಸ್ನೋರು ಕೇಳ್ತಾವ್ರೆ. ಬರೀ ಪೇಪರ್ ಕೆಲ್ಸ ಕಣಕ್ಕ, ತವ್ರು ಎಲ್ಲಿಗೋದಾತು?"

ಆ ಕಾಗದ ಏನೆಂದು ನನಗೆ ಗೊತ್ತಿತ್ತು. ಹಕ್ಕು ಬಿಡುಗಡೆ ಪತ್ರ. ಯಜಮಾನರು ರಾತ್ರಿ ಊಟ ಮಾಡುತ್ತಾ, "ಯೋಚನೆ ಮಾಡು" ಎಂದಷ್ಟೇ ಹೇಳಿದರು. ನಾನು ಯೋಚಿಸಲಿಲ್ಲ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಭಾಗ ಕೇಳಿದ ಅಕ್ಕ ಅನ್ನಿಸಿಕೊಳ್ಳುವುದು ಬೇಡವಾಗಿತ್ತು. ಯಳಂದೂರಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೋ ತೆಗೆಸಿ, ಹೆಬ್ಬೆಟ್ಟು ಒತ್ತಿ, ಸಹಿ ಹಾಕಿದೆ. ಹೊರಗೆ ಬಂದು ಎಳನೀರು ಕುಡಿಯುತ್ತಿದ್ದಾಗ ಅವನು ಕಾರಿನ ಕೀ ನನ್ನ ಅಂಗೈಯಲ್ಲಿಟ್ಟ.

"ಬಸ್ನಲ್ಲಿ ನಿಂತ್ಕಂಡು ಇನ್ನೆಷ್ಟು ದಿನ ಓಡಾಡೀಯೆ? ನಾನು ಬ್ಯಾರೆ ಗಾಡಿ ತಕತೀನಿ. ಇದು ನಿಂಗೆ."

ನಾನು ಅಲ್ಲೇ ರಸ್ತೆಯಲ್ಲಿ ಅತ್ತುಬಿಟ್ಟೆ. ಚಿಕ್ಕವಳಿದ್ದಾಗ ಅಪ್ಪ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಟ್ರ್ಯಾಕ್ಟರಿನ ಸ್ಟೀರಿಂಗ್ ಹಿಡಿಸುತ್ತಿದ್ದರು. ನನಗೂ ಒಂದು ಸಲ ಎಂದು ಕೇಳಿದಾಗ, "ಎಣ್ಮಗ ಟ್ರ್ಯಾಕ್ಟ್ರು ಕಲ್ತು ಏನ್ ಮಾಡೀಯೆ?" ಎಂದು ನಕ್ಕಿದ್ದರು. ಆ ನಗುವನ್ನೆಲ್ಲ ತಮ್ಮ ಅಳಿಸಿಹಾಕಿದ ಎಂದೇ ನನಗೆ ಅನ್ನಿಸಿತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ, ತಮ್ಮ ಕೊಟ್ಟದ್ದು, ತಮ್ಮ ಕೊಟ್ಟದ್ದು ಅಂತ.

ಎರಡು ತಿಂಗಳು ಚೆನ್ನಾಗಿ ಓಡಿತು. ಆಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಒಳಗಿನಿಂದ ಟಕಟಕ ಎಂಬ ಸದ್ದು ಶುರುವಾಯಿತು. ಮೊದಲು ಒಂದೆರಡು ನಿಮಿಷ ಇದ್ದು ನಿಲ್ಲುತ್ತಿತ್ತು. ದಿನ ಕಳೆದಂತೆ ಕಾಮಗೆರೆ ದಾಟಿದರೂ ನಿಲ್ಲಲಿಲ್ಲ. ಹನೂರು ರಸ್ತೆಯಲ್ಲಿ ಒಬ್ಬ ಮೇಸ್ತ್ರಿಯ ವರ್ಕ್‌ಶಾಪ್ ಇದೆ. ವಯಸ್ಸಾದವರು, ಮಾತು ಕಡಿಮೆ. ಅಲ್ಲಿಗೆ ಒಯ್ದೆ.

ಅವರು ಬಾನೆಟ್ ಎತ್ತಿ, ಎಣ್ಣೆ ಹುಯ್ಯುವ ಮುಚ್ಚಳ ತಿರುಗಿಸಿ ತೆಗೆದು, ಒಳಗೆ ಬೆರಳು ಹಾಕಿ ಎತ್ತಿದರು. ಬೆರಳ ತುದಿಯಲ್ಲಿ ಕರ್ರಗೆ ಮೆತ್ತಿಕೊಂಡು ಬಂತು. ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆಯ ತಳಕ್ಕೆ ಹತ್ತಿ ಸೀದು ಹೋಗಿರುತ್ತದಲ್ಲ, ಹಾಗೆ. ಎಣ್ಣೆ ಎಂದು ಹೇಳುವ ಹಾಗೇ ಇರಲಿಲ್ಲ.

"ಗಸಿ ಕಟ್ಬುಟ್ಟದೆ ಟೀಚರಮ್ಮ. ಆಯಿಲ್ ಚೇಂಜ್ ಮಾಡಿ ಯಾವ್ ಕಾಲ ಆಯ್ತೋ. ಯಾರ್ ಗಾಡಿ ಇದು?"

"ನನ್ನ ತಮ್ಮನದು. ಅವನೇ ಕೊಟ್ಟ."

ಅವರು ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ತುದಿಯ ಎಣ್ಣೆಯನ್ನು ಎರಡು ಬೆರಳ ನಡುವೆ ಹಿಡಿದು ಬಿಡಿಸಿದರು. ಜೇನಿನಂತೆ ಎಳೆ ಎದ್ದಿತು.

"ನೋಡಿ, ಎಣ್ಣೆ ಇಂಗೆ ಅಂಟಾಕಿಲ್ಲ. ಗಟ್ಟಿ ಮಾಡೋ ಮದ್ದು ಉಯ್ದವ್ರೆ. ಕೊಡೋ ವಾರ ಉಯ್ದ್ರೆ ಸೌಂಡ್ ಅಡಗ್ತದೆ. ಕೊಳ್ಳೋರ್ಗೆ ಗೊತ್ತಾಗಾಕಿಲ್ಲ."

"ನಾನು ಕೊಂಡಿಲ್ಲ. ಅವನು ಪ್ರೀತಿಯಿಂದ ಕೊಟ್ಟದ್ದು," ಎಂದೆ. ನನ್ನ ದನಿ ಏರಿತ್ತು.

"ಇರ್ಬೋದಮ್ಮ," ಎಂದು ಅವರು ಕೈ ಒರೆಸಿಕೊಂಡರು.

ಇದಕ್ಕೇನು ಪರಿಹಾರ ಎಂದು ಕೇಳಿದೆ. ಕೊಳೆ ಕರಗಿಸುವ ಮದ್ದೂ ಬಾಟಲಿಯಲ್ಲಿ ಬರುತ್ತದಂತೆ. ಹಳೆ ಎಣ್ಣೆಗೆ ಅದನ್ನು ಸುರಿದು, ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸಿ, ಎಲ್ಲವನ್ನೂ ಇಳಿಸಿ, ಹೊಸ ಎಣ್ಣೆ ತುಂಬಬೇಕು. ಸ್ವಲ್ಪ ಕೊಳೆ ಇದ್ದ ಗಾಡಿಗೆ ಅದು ಸರಿ.

"ಇಷ್ಟು ಗಸಿ ಇದ್ರೆ ಕರಗಾಕಿಲ್ಲ, ಮಣ್ಣೆಂಟೆ ತರ ಕಿತ್ಕಂಡು ಬತ್ತದೆ. ಕೆಳಗೆ ಎಣ್ಣೆ ನಿಲ್ಲೋ ಚೇಂಬರ್ ಒಳಗೆ ಒಂದು ಜಾಲರಿ ಅದೆ, ಎಣ್ಣೆ ಮೇಲಕ್ಕೆ ಓಗೋದು ಅಲ್ಲಿಂದ್ಲೇ. ಅದು ಕಟ್ಕಂಡ್ರೆ ಮುಗೀತು. ಇದ್ನ ಬಿಚ್ಚಿ ಕೈಯಲ್ಲೇ ತೊಳೀಬೇಕು. ನಾಕು ದಿನ ಗಾಡಿ ಬುಟ್ಟೋಗಿ."

ಬಿಟ್ಟು ಬರಲಿಲ್ಲ. ಮನೆಗೆ ಬಂದು ತಮ್ಮನಿಗೆ ಫೋನ್ ಮಾಡಿದೆ. ಅಂಟು ಎಣ್ಣೆಯ ಮಾತನ್ನು ಎತ್ತಲಿಲ್ಲ. ಕೊಳೆ ಕಟ್ಟಿದೆಯಂತೆ, ಬಿಚ್ಚಬೇಕಂತೆ ಎಂದಷ್ಟೇ ಹೇಳಿದೆ.

"ಬಿಚ್ಚುಸ್ಬ್ಯಾಡ! ಎಂಗ್ಸು ಅಂತ ನಿನ್ನ ಏಮಾರುಸ್ತಾವ್ನೆ ಆ ಮುದ್ಕ. ಒಂದ್ಸಲ ಬಿಚ್ಚಿದ ಇಂಜಿನ್ನು ತಿರ್ಗಾ ಸರ್ಯಾಗಾಕಿಲ್ಲ. ಭಾನ್ವಾರ ನಾನೇ ಬತ್ತೀನಿ."

ಆ ವಾರವೆಲ್ಲ ನಾನು ತೂಗಿ ನೋಡುತ್ತಿದ್ದದ್ದು ಎಂಜಿನ್ ವಿಷಯವನ್ನಲ್ಲ. ಮೇಸ್ತ್ರಿಯ ಮಾತು ನಿಜವಾದರೆ, ಯಳಂದೂರಿನಲ್ಲಿ ನನ್ನ ಸಹಿ ಪಡೆಯುವ ಮುಂಚೆಯೇ ತಮ್ಮ ಆ ಅಂಟನ್ನು ಸುರಿದಿದ್ದ ಎಂದಾಗುತ್ತಿತ್ತು. ಹಾಗೆ ಎಂದುಕೊಳ್ಳುವುದು ನನ್ನಿಂದ ಆಗಲಿಲ್ಲ. ಅದರ ಬದಲು ಆ ಮುದುಕರೇ ಮೋಸಗಾರರು ಎಂದು ನಂಬುವುದು ಸುಲಭವಿತ್ತು. ನಂಬಿದೆ.

ಭಾನುವಾರ ತಮ್ಮ ಬಂದ. ಬರುವಾಗ ಕೊಳೆ ಕರಗಿಸುವ ಮದ್ದಿನ ಎರಡು ಬಾಟಲಿ ತಂದಿದ್ದ. ಬಾನೆಟ್ ಎತ್ತಿ ಒಂದರ ಹಿಂದೆ ಒಂದರಂತೆ ಎರಡನ್ನೂ ಬರಿದು ಮಾಡಿದ.

ಯಜಮಾನರು ಒಂದು ಬಾಟಲಿ ಎತ್ತಿ ಕನ್ನಡಕ ಸರಿಮಾಡಿಕೊಳ್ಳುತ್ತಾ, "ಇದರ ಮೇಲೆ ಏನೋ ಬರೆದಿದೆ, ಓದೋಣ ತಾಳಿ" ಎಂದರು.

"ಅದ್ನೆಲ್ಲ ಓದ್ತಾ ಕುಂತ್ರೆ ಆದಂಗೇ ಬಾವ," ಎಂದು ತಮ್ಮ ನಕ್ಕ. ನಾನೂ ನಕ್ಕೆ. ಅವನು ನನ್ನ ಕಡೆ ತಿರುಗಿ, "ಎಲ್ಡ್ ದಿನ ಓಡ್ಸು ಅಕ್ಕ, ಒಳಗಿರೋದೆಲ್ಲ ಕರಗ್ಲಿ. ಆಮೇಲೆ ಆಯಿಲ್ ಇಳುಸ್ಬುಡು," ಎಂದ.

ಸಾಬೂನು ಕೊಳೆಯನ್ನು ಹೇಗೆ ಸುತ್ತುವರಿದು ಎತ್ತುತ್ತದೆ ಎಂದು ಪ್ರತಿ ವರ್ಷ ಹತ್ತನೇ ತರಗತಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುವವಳು ನಾನು. ಎತ್ತಿದ ಕೊಳೆ ಎಲ್ಲಿಗೆ ಹೋಗುತ್ತದೆ ಎಂದು ಆ ದಿನ ಕೇಳಲಿಲ್ಲ.

ಸೋಮವಾರ ಎಂಜಿನ್ನಿನಲ್ಲಿ ಆ ಟಕಟಕ ಸದ್ದೇ ಇಲ್ಲ. ಶಾಲೆಯಿಂದ ವಾಪಸು ಬರುವಾಗ ವರ್ಕ್‌ಶಾಪಿನ ಮುಂದೆ ಬೇಕೆಂದೇ ನಿಧಾನ ಮಾಡಿದೆ. ಮೇಸ್ತ್ರಿ ತಲೆ ಎತ್ತಿ ನೋಡಿದರು. ಗೆದ್ದವಳಂತೆ ಮುಂದೆ ಹೋದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಮಂಗಳವಾರ ಬೆಳಿಗ್ಗೆ ಕಾಮಗೆರೆ ದಾಟಿದ ಮೇಲೆ ಸ್ಟೀರಿಂಗಿನ ಹಿಂದೆ ಕೆಂಪು ದೀಪ ಹತ್ತಿತು. ಎಣ್ಣೆ ತೊಟ್ಟಿಕ್ಕುವ ಗಿಂಡಿಯ ಚಿತ್ರ. ಗಾಡಿ ಪಕ್ಕಕ್ಕೆ ನಿಲ್ಲಿಸಿ ತಮ್ಮನಿಗೆ ಫೋನ್ ಮಾಡಿದೆ.

"ಕೆಂಪು ದೀಪ ಬಂದಿದೆ ಕಣೋ. ಎಣ್ಣೆಯದು."

"ಅದು ಸೆನ್ಸರ್ ಪ್ರಾಬ್ಲಮ್ ಕಣಕ್ಕ. ನಂಗೂ ಬತ್ತಿತ್ತು. ಓಗ್ತಿರು, ಏನಾಗಾಕಿಲ್ಲ."

ನಂಗೂ ಬತ್ತಿತ್ತು. ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮೊದಲ ಪೀರಿಯಡ್‌ಗೆ ಹೊತ್ತಾಗಿತ್ತು. ಹೊರಟೆ. ಮೂರು ನಾಲ್ಕು ಕಿಲೋಮೀಟರ್ ಹೋಗಿರಬೇಕು, ಒಳಗೆ ಯಾರೋ ಸುತ್ತಿಗೆಯಿಂದ ಬಡಿದ ಹಾಗೆ ಸದ್ದು ಬಂತು. ಸೀದ ವಾಸನೆ. ಆಮೇಲೆ ಎಂಜಿನ್ ಒಮ್ಮೆಗೇ ಹಿಡಿದುಕೊಂಡು ನಿಂತಿತು. ಕೀ ತಿರುಗಿಸಿದರೆ ಕಟ್ ಎನ್ನುವುದು ಬಿಟ್ಟು ಏನೂ ಇಲ್ಲ. ಹೂಗ್ಯಂ ಕಡೆ ಹೋಗುತ್ತಿದ್ದ ಟೆಂಪೋದವನು ನಿಲ್ಲಿಸಿ, ಗಾಡಿಯನ್ನು ಹುಣಸೆ ಮರದ ಕೆಳಗೆ ತಳ್ಳಿ, ನನ್ನನ್ನು ಶಾಲೆಗೆ ಬಿಟ್ಟ.

ಮೇಸ್ತ್ರಿಗೆ ಹೇಳಿ ಕಳಿಸಲು ನನಗೆ ಮುಖವಿರಲಿಲ್ಲ. ಯಜಮಾನರೇ ಹೋಗಿ ಕರೆದರು. ಅವರು ಗಾಡಿ ಎಳೆಸಿಕೊಂಡು ಬಂದು, ಮರುದಿನ ನನ್ನೆದುರಿಗೇ ಅಡಿಯ ಚೇಂಬರ್ ಬಿಚ್ಚಿದರು. ಜಾಲರಿಯನ್ನು ನನ್ನ ಕೈಗೇ ಕೊಟ್ಟರು. ಅದರ ಕಣ್ಣು ಒಂದೂ ಕಾಣುತ್ತಿರಲಿಲ್ಲ. ಕರಿ ಹೆಂಟೆಗಳು ಗಟ್ಟಿಯಾಗಿ ಕೂತು ಮುಚ್ಚಿಬಿಟ್ಟಿದ್ದವು.

"ಎಣ್ಣೆ ಕೆಳಗೇ ಇತ್ತಮ್ಮ, ಮೇಲಕ್ಕೆ ಓಗಕ್ಕೆ ದಾರಿ ಇರ್ನಿಲ್ಲ. ಬೇರಿಂಗ್ನೆಲ್ಲ ತಿಂದಾಕ್ಬುಟ್ಟದೆ. ದೀಪ ಬಂದಾಗ್ಲೇ ಆಫ್ ಮಾಡಿದ್ರೆ ಉಳೀತಿತ್ತೋ ಏನೋ."

ಮನೆಗೆ ಬಂದು ಕಸದ ಬುಟ್ಟಿಯ ಪಕ್ಕ ಇನ್ನೂ ಬಿದ್ದಿದ್ದ ಬಾಟಲಿ ತೆಗೆದು ಓದಿದೆ. ಗಾಡಿ ನಿಲ್ಲಿಸಿಯೇ ಬಳಸಬೇಕು, ಇದನ್ನು ಹಾಕಿಕೊಂಡು ರಸ್ತೆಯಲ್ಲಿ ಓಡಿಸಬಾರದು, ಒಂದು ಎಂಜಿನ್ನಿಗೆ ಒಂದೇ ಬಾಟಲಿ. ಸಣ್ಣ ಅಕ್ಷರದಲ್ಲಿದ್ದರೂ ಸ್ಪಷ್ಟವಾಗಿತ್ತು.

ಶನಿವಾರ ತಮ್ಮ ವರ್ಕ್‌ಶಾಪಿಗೆ ಬಂದ. ನಾನಾಗಿ ಕರೆದಿದ್ದೆ. ಬಿಚ್ಚಿ ಹರವಿದ್ದ ಎಂಜಿನ್ ನೋಡಿ, ಮೇಸ್ತ್ರಿಯ ಎದುರಿಗೇ ಅಂದ, "ನನ್ ತಾವ ಇರೋಗಂಟ ಚೆಂದಾಗೇ ಇತ್ತಲ್ಲಕ್ಕ. ಎಣ್ಮಕ್ಳು ಕ್ಲಚ್ಚು, ಗೇರು ನೋಡ್ದೆ ಓಡುಸ್ತೀರಿ."

"ಕೊಡೋಕೆ ಮುಂಚೆ ಎಂಜಿನ್ನಿಗೆ ಏನು ಹುಯ್ದಿದ್ದೆ?" ಎಂದು ಕೇಳಿದೆ.

ಅವನು ಮೇಸ್ತ್ರಿಯನ್ನು ನೋಡಿದ, ನನ್ನನ್ನು ನೋಡಲಿಲ್ಲ. "ವಸಿ ಸೌಂಡ್ ಬತ್ತಿತ್ತು. ಒಂದ್ ಬಾಟ್ಲು ಉಯ್ದೆ. ಎಲ್ರೂ ಉಯ್ತಾರೆ. ಅದ್ಕೇನೀಗ? ಪುಕ್ಕಟೆ ಕೊಟ್ಟಿದ್ದಲ್ವಾ ನಾನು?"

ಪುಕ್ಕಟೆ ಎಂಬ ಮಾತಿಗೆ ನಾನೂ ದನಿ ಏರಿಸಿದೆ.

"ಪುಕ್ಕಟೆ ಕೊಟ್ಟವಳು ನಾನು. ಗದ್ದೆ ಕೊಟ್ಟೆ, ತೋಟ ಕೊಟ್ಟೆ. ಕೊಡುವಾಗ ಅದರ ಮೇಲೆ ಏನನ್ನೂ ಸುರಿದಿರಲಿಲ್ಲ."

"ಓ, ಈಗ ಬಾಯಿಗೆ ಬಂತಾ ಗದ್ದೆ ಮಾತು!" ಎಂದವನೇ ಹೊಸ ಕಾರು ಹತ್ತಿ ಹೋದ.

ಮೇಸ್ತ್ರಿ ನೆಲ ನೋಡುತ್ತಾ ಸ್ಪ್ಯಾನರುಗಳನ್ನು ಜೋಡಿಸುತ್ತಿದ್ದರು. ಅವರ ಹತ್ತಿರ ಕ್ಷಮೆ ಕೇಳಬೇಕಿತ್ತು. ಆ ದಿನ ಆಗಲಿಲ್ಲ. ಎಷ್ಟೋ ದಿನದ ಮೇಲೆ ಕೇಳಿದೆ. "ಅಯ್ಯೋ ಬುಡಿ ಟೀಚರಮ್ಮ, ಒಡವುಟ್ಟಿದೋರ್ನ ಯಾರ್ ಬುಟ್ಟಾರು," ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಎಂಜಿನ್ ಮಾಡಿಸಲಿಲ್ಲ. ಆ ಕಾರಿನಲ್ಲಿ ಮತ್ತೆ ಕೂರಲು ಮನಸ್ಸು ಬರಲಿಲ್ಲ. ಗುಜರಿಯವರು ಬಂದು ಎಳೆದುಕೊಂಡು ಹೋದರು. ನಾನು ಮತ್ತೆ ಬಸ್ಸು ಹತ್ತಿದೆ. ಸ್ಟಾಫ್ ರೂಮಿನಲ್ಲಿ ಕೇಳಿದವರಿಗೆ, "ಹಳೇ ಗಾಡಿ, ಎಂಜಿನ್ ಹೋಯ್ತು" ಎನ್ನುತ್ತೇನೆ. ಸುಳ್ಳೇನಲ್ಲ.

ಕಳೆದ ವೈಶಾಖದಲ್ಲಿ ತಮ್ಮನ ಮಗಳ ನಿಶ್ಚಿತಾರ್ಥವಾಯಿತು. ಅವಳೇ ಫೋನ್ ಮಾಡಿ, "ಅತ್ತೆ, ನೀವು ಬರ್ದೆ ಇದ್ರೆ ನಾನು ಉಂಗುರ ಆಕುಸ್ಕಳಲ್ಲ" ಎಂದಳು. ಹೋದೆ. ಊಟದ ಪಂಕ್ತಿಯಲ್ಲಿ ತಮ್ಮ ಬೀಗರಿಗೆ ನನ್ನನ್ನು ತೋರಿಸಿ ದೊಡ್ಡ ದನಿಯಲ್ಲಿ ಹೇಳಿದ:

"ನಮ್ಮಕ್ಕ, ಹನೂರಲ್ಲಿ ಟೀಚರು. ಬಸ್ನಲ್ಲಿ ಓಡಾಡ್ಬಾರ್ದು ಅಂತ ಕಾರೇ ಕೊಟ್ಬುಟ್ಟೆ ಕಣ್ರಿ."

ಬೀಗರು ಕೈಮುಗಿದು, "ಇಂಥ ತಮ್ದೀರು ಸಿಗ್ಬೇಕಲ್ರಮ್ಮ" ಎಂದರು. ಎಲೆಯ ಮೇಲೆ ಯಾರೋ ಪಾಯಸ ಬಡಿಸುತ್ತಿದ್ದರು. ನಾನು ತಲೆಯಾಡಿಸಿದೆ.

ಸಂಜೆ ಬಸ್ಸಿಗೆ ಕಾಯುತ್ತಾ ಯಜಮಾನರು, "ಯಾಕೆ ಸುಮ್ಮನಿದ್ದೆ?" ಎಂದು ಕೇಳಿದರು. ಹುಡುಗಿಯ ಮುಖ ನೋಡಿ ಸುಮ್ಮನಾದೆ ಎಂದೆ. ಅದು ನಿಜವಲ್ಲ. ಅವನು ಮೋಸ ಮಾಡಿದ ಎಂದು ಹೇಳುವುದು ಕಷ್ಟವಿರಲಿಲ್ಲ. ಗೊತ್ತಿದ್ದೂ ಮೋಸ ಹೋದೆ, ನಿಜ ಹೇಳಿದವರನ್ನೇ ಕಳ್ಳರೆಂದುಕೊಂಡೆ ಎಂದು ಅಷ್ಟು ಜನರ ಮುಂದೆ ಹೇಳಬೇಕಾಗುತ್ತಿತ್ತು. ಅದಕ್ಕೆ ನಾಲಿಗೆ ಏಳಲಿಲ್ಲ.