ದೂಮಣ್ಣ ಆರಿಸಿದ ಕೋವಿ

ನನ್ನ ಅಂಗಿಯ ಬಲಹೆಗಲ ಮೇಲೆ ಒಂದು ಕಲೆ ಉಂಟು. ಕೋವಿಗೆ ಹಚ್ಚುವ ಎಣ್ಣೆಯದ್ದು. ಸೋಪಿನ ಪುಡಿಯಲ್ಲಿ ನೆನೆಸಿಟ್ಟೆ, ಬ್ರಶ್ ಹಾಕಿ ಉಜ್ಜಿದೆ, ಕುವೈತಿನ ಈ ವಫ್ರಾದ ಬಿಸಿಲಿಗೆ ಒಣ ಹಾಕಿದೆ. ಇಲ್ಲಿನ ಬಿಸಿಲು ಮನುಷ್ಯನ ಬಣ್ಣವನ್ನೇ ಬದಲು ಮಾಡುತ್ತದೆ, ಆ ಕಲೆಗೆ ಮಾತ್ರ ಏನೂ ಆಗಲಿಲ್ಲ. ಇವತ್ತು ಬೆಳಿಗ್ಗೆ ಅಂಗಿಯನ್ನು ತಲೆಯ ಮೇಲಿಂದ ಎಳೆದುಕೊಳ್ಳುವಾಗ ಆ ವಾಸನೆ ಮೂಗಿಗೆ ಹೊಡೆಯಿತು. ದೂಮಣ್ಣ ನೆನಪಾದರು.

ಮೊದಲೇ ಹೇಳಿಬಿಡುತ್ತೇನೆ. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಚಂದ ಮಾಡಿ ಬರೆಯುವುದು ನನಗೆ ಬರುವುದಿಲ್ಲ, ಬರೆಯುವವರನ್ನು ಕಂಡರೆ ತಾಳ್ಮೆಯೂ ಇಲ್ಲ. ನೀವು ನನ್ನ ಮಂಚದ ಎದುರಿನ ಖಾಲಿ ಮಂಚದಲ್ಲಿ ಕೂತಿದ್ದೀರಿ ಎಂದುಕೊಂಡು ಹೇಳುತ್ತೇನೆ. ಅದು ದೂಮಣ್ಣನ ಮಂಚ. ಅವರು ಹೋದ ಮೇಲೆ ಯಾರನ್ನೂ ಹಾಕಿಲ್ಲ. ಇಬ್ಬರ ಕೆಲಸವನ್ನು ನಾನೊಬ್ಬನೇ ಮಾಡುತ್ತೇನಲ್ಲ, ಮತ್ತೆ ಯಾಕೆ ಹಾಕುತ್ತಾರೆ?

ನಮ್ಮದು ಸೌತೆ, ಟೊಮೆಟೊ ಬೆಳೆಯುವ ಸಣ್ಣ ತೋಟ. ಗಿಡಗಳಿಗೆ ಪ್ಲಾಸ್ಟಿಕ್ ಹೊದಿಸಿದ ಮನೆಗಳು, ಒಂದಷ್ಟು ಕುರಿ. ಬಸ್ಸು ಇಲ್ಲ. ಅಬ್ಬಾಸಿಯಾಕ್ಕೆ ಹೋಗಿ ನಮ್ಮವರ ಹೋಟೆಲಿನಲ್ಲಿ ಒಂದು ಬಂಗುಡೆ ಸಾರು ಉಣ್ಣಬೇಕೆಂದರೆ ಯಾರದಾದರೂ ತರಕಾರಿ ಗಾಡಿ ಹಿಡಿಯಬೇಕು. ತೋಟದ ಯಜಮಾನನನ್ನು ನಾವು ಬಾಬಾ ಎನ್ನುತ್ತೇವೆ. ಕುವೈತಿನವರೆಂದರೆ ಮನೆಯ ಹಿಂದೆ ಎಣ್ಣೆ ಬಾವಿ ಇಟ್ಟುಕೊಂಡವರು ಎಂದು ಊರಲ್ಲಿ ತಿಳಿದಿದ್ದಾರೆ. ಬಾಬಾ ಆಫೀಸಿನಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಟೊಮೆಟೊಗೆ ರೇಟು ಬಿದ್ದ ದಿನ ಅವನಿಗೂ ಊಟ ಸೇರುವುದಿಲ್ಲ. ಒಳ್ಳೆಯವನು. ಅದನ್ನೂ ಮೊದಲೇ ಹೇಳಬೇಕು.

ದೂಮಣ್ಣ ಬೆಳ್ತಂಗಡಿ ಕಡೆಯವರು, ನಾನು ಪುತ್ತೂರಿನವನು. ನಾವು ತುಳುವಿನಲ್ಲಿ ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಹಾಕಿದ್ದೇನೆ. ನಾನು ಬಂದಾಗಲೇ ಅವರ ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಮಾತು ಕಡಿಮೆ. ಬೈಗುಳ ಮಾತ್ರ ಕಡಿಮೆ ಇರಲಿಲ್ಲ. ನಾನು ಮಾಡಿದ ಅನ್ನವನ್ನು ಮೊದಲ ದಿನ ಬಾಯಿಗಿಟ್ಟು, "ಇದು ಕುರಿಗೆ ಮಾಡಿದ್ದಾ, ನಮಗೆ ಮಾಡಿದ್ದಾ ಮಾರಾಯ?" ಎಂದಿದ್ದರು. ಕುರಿಯೂ ತಿನ್ನಲಿಲ್ಲ, ಆ ಮಾತು ಬೇರೆ.

ಅವರ ಬಲಹೆಗಲು ಹಾಳಾಗಿತ್ತು. ಪ್ಲಾಸ್ಟಿಕ್ ಕಟ್ಟುವಾಗ ಕಬ್ಬಿಣದ ಚೌಕಟ್ಟಿನಿಂದ ಬಿದ್ದದ್ದು. ಜ್ವರ ಎಂದು ಬಾಬಾನ ಹತ್ತಿರ ಹೇಳಿ ಎರಡು ದಿನ ಮಲಗಿದರು, ಎದ್ದ ಮೇಲೆ ಆ ಕೈ ಎದೆಗಿಂತ ಮೇಲೆ ಏರಲೇ ಇಲ್ಲ. ಅಂದಿನಿಂದ ಎಲ್ಲವೂ ಎಡಗೈಯಲ್ಲಿ. ಕತ್ತರಿ ಎಡಗೈ, ಪೈಪು ಎಡಗೈ, ಫೋನು ಎಡಗೈ. ನಾನು ಬಿಸಿ ಎಣ್ಣೆ ಹಾಕಿ ತಿಕ್ಕುತ್ತಿದ್ದೆ. ಹೆಗಲ ಎಲುಬು ಕೈಗೆ ಕಲ್ಲಿನ ಹಾಗೆ ಸಿಗುತ್ತಿತ್ತು.

"ಬಾಬಾನಿಗೆ ಹೇಳಿ ದೂಮಣ್ಣ, ಆಸ್ಪತ್ರೆಗೆ ಕಳಿಸ್ತಾನೆ" ಎಂದೆ ಒಮ್ಮೆ.

"ಆಸ್ಪತ್ರೆಗಲ್ಲ, ಊರಿಗೆ ಕಳಿಸ್ತಾನೆ. ಇಕಾಮಾ ರಿನಿವಲ್ ಚಳಿಗಾಲ ಮುಗಿದ ಮೇಲೆ. ಅಲ್ಲಿವರೆಗೆ ಈ ಕೈ ಸರಿ ಉಂಟು. ಗೊತ್ತಾಯ್ತಾ?"

ಗೊತ್ತಾಯಿತು. ಅವರಿಗೊಬ್ಬಳು ತಂಗಿ, ಮದುವೆಯಾಗಿಲ್ಲ, ಎರಡೂ ಕಿಡ್ನಿ ಹೋಗಿದೆ. ವಾರ ವಾರ ಡಯಾಲಿಸಿಸ್. ಆಸ್ಪತ್ರೆಯ ದಾರಿ, ಮದ್ದು ಎಲ್ಲ ಇಲ್ಲಿನ ದುಡಿಮೆಯಲ್ಲಿ. ಇಕಾಮಾ ಎಂದರೆ ಇಲ್ಲಿ ಇರಲಿಕ್ಕೆ ಕೊಡುವ ಪರವಾನಗಿ, ಅದು ಹೋದರೆ ದುಡಿಮೆ ಹೋಯಿತು. ದುಡಿಮೆ ಹೋದರೆ ಏನು ಎಂದು ನಾವಿಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಹೋದ ಚಳಿಗಾಲ ಬಾಬಾನಿಗೆ ಬೇಟೆಯ ಹುಚ್ಚು ಹತ್ತಿತು. ನರಿ ಬಂದು ಕುರಿಮರಿಯನ್ನು ಹೊತ್ತುಕೊಂಡು ಹೋದದ್ದು ಒಂದು ನೆಪ. ಲೈಸೆನ್ಸ್ ಮಾಡಿಸಿಕೊಂಡು ಬಂದು ನಮ್ಮ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದ. "ಇಂತಾ ಮಾಲೂಮ್ ಬಂದೂಕ್?" ನಿನಗೆ ಬಂದೂಕು ಗೊತ್ತಾ ಎಂದು. ಬಾಯಿ ಹಾಕಿದವನು ನಾನು. ದೂಮಣ್ಣನ ಮನೆಯಲ್ಲಿ ಅಜ್ಜನ ಕಾಲದಿಂದ ಕೋವಿ ಉಂಟು, ಇವರಿಗೆ ಎಲ್ಲ ಗೊತ್ತು ಎಂದೆ. ದೂಮಣ್ಣ ನನ್ನನ್ನು ದುರುಗುಟ್ಟಿ ನೋಡಿದರು. ಮೀಸೆಯ ಅಡಿಯಲ್ಲಿ ನಗೆಯೂ ಇತ್ತು.

ಅಂಗಡಿಯಲ್ಲಿ ಅವರು ಬೇರೆಯೇ ಮನುಷ್ಯ. ಬಾಗಿಲು ತೆಗೆದದ್ದೇ ಎಣ್ಣೆಯ ವಾಸನೆ, ಅವರು ಕಣ್ಣು ಮುಚ್ಚಿ ಒಮ್ಮೆ ಮೂಗಿಗೆ ಎಳೆದುಕೊಂಡರು. ಮಾರುವವನು ಮಲಯಾಳಿ ಹುಡುಗ. ಬಾಬಾನ ಕಿಸೆ ನೋಡಿ ತೀರಾ ಅಗ್ಗದ್ದೂ ಅಲ್ಲ, ತೀರಾ ದುಬಾರಿಯೂ ಅಲ್ಲದ್ದನ್ನು ತೆಗೆದಿಟ್ಟ. ಒಂದಕ್ಕೆ ಮರದ ಹಿಡಿಯ ಮೇಲೆ ಹೂವು ಬಳ್ಳಿ ಕೆತ್ತನೆ. ಬಾಬಾನಿಗೆ ಅದರ ಮೇಲೆಯೇ ಕಣ್ಣು.

"ನರಿ ಎಂತ ಬಳ್ಳಿ ನೋಡಿ ಸಾಯ್ತದಾ?" ಎಂದರು ದೂಮಣ್ಣ. ನಾನು ನನ್ನ ಹರಕು ಅರಬಿಯಲ್ಲಿ ತಿರುಗಿಸಿ ಹೇಳಿದೆ. ಬಾಬಾ ಹೊಟ್ಟೆ ಹಿಡಿದುಕೊಂಡು ನಕ್ಕ.

ಕೊನೆಗೆ ಉಳಿದದ್ದು ಎರಡು. ಎರಡಕ್ಕೂ ಒಂದೇ ಅಳತೆಯ ಗುಂಡು. ಒಂದರ ನಳಿಗೆ ಸಪೂರ, ಇನ್ನೊಂದರದ್ದು ಬುಡದಿಂದ ತುದಿಯವರೆಗೆ ಒಂದೇ ದಪ್ಪ. ದೂಮಣ್ಣ ದಪ್ಪದ್ದನ್ನು ಮೇಜಿನ ಮೇಲೆ ಮರಳಿನ ಚೀಲಕ್ಕೆ ಒರಗಿಸಿ, ಕೂತು, ಎಡಹೆಗಲಿಗೆ ಇಟ್ಟು ನೋಡಿದರು. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದರು. ಆಮೇಲೆ ಅವರು ಹೇಳಿದ್ದು ನನಗೆ ಈಗಲೂ ಬಾಯಿಪಾಠ.

"ಸಪೂರದ್ದು ಉಸಿರು ಬಿಟ್ಟರೂ ನಡುಗ್ತದೆ. ನಾಲ್ಕು ಈಡು ಹೊಡೆದರೆ ಬಿಸಿಯಾಗಿ ಗುಂಡು ಅತ್ತಿತ್ತ ಹೋಗ್ತದೆ. ಭಾರದ್ದು ಇಟ್ಟಲ್ಲಿ ಕೂರ್ತದೆ, ಎಮ್ಮೆ ಕೂತ ಹಾಗೆ. ಹಿಡಿಯ ಚಂದಕ್ಕೆ ಹಾಕುವ ದುಡ್ಡನ್ನು ದುರ್ಬೀನಿಗೆ ಹಾಕ್ಲಿ. ಇದೇ ತಗೊಳ್ಳಲಿಕ್ಕೆ ಹೇಳು."

ಬಾಬಾ ಅದನ್ನು ಒಮ್ಮೆ ಎತ್ತಿ, "ತಗೀಲ್" ಎಂದ. ಭಾರ ಎಂದು. ಕೆಳಗಿಟ್ಟ. ಹಣ ಕೊಟ್ಟ.

ನಿಮಗೆ ಇಷ್ಟರಲ್ಲೇ ಗೊತ್ತಾಗಿರಬೇಕು. ನಮಗೆ ಗೊತ್ತಾಗಲಿಲ್ಲ. ಯಾಕೆಂದರೆ ದೂಮಣ್ಣನ ಮನೆಯಲ್ಲಿ ಒಂದು ಕಟ್ಟಳೆ ಉಂಟು. ಕೋವಿ ಯಾರದ್ದೋ ಹೆಗಲೂ ಅವನದ್ದೇ. ಕಾಡಿಗೆ ಹೋಗುವಾಗ ಒಬ್ಬನ ಕೋವಿಯನ್ನು ಇನ್ನೊಬ್ಬ ಹೊರುವುದಿಲ್ಲ. ಹೊತ್ತರೆ ಗುರಿ ಹೊತ್ತವನ ಹಿಂದೆ ಹೋಗುತ್ತದಂತೆ. ಅವರ ಅಜ್ಜ ಮುದಿಪ್ರಾಯದಲ್ಲೂ ಮೊಮ್ಮಕ್ಕಳ ಕೈಗೆ ಕೊಡದೆ, ಏದುಸಿರು ಬಿಡುತ್ತಾ ತಾನೇ ಹೊತ್ತು ಗುಡ್ಡ ಹತ್ತುತ್ತಿದ್ದರಂತೆ. ಅಂಥ ಮನೆಯವರಿಗೆ ಹೊರುವವನು ಬೇರೆ, ಹೊಡೆಯುವವನು ಬೇರೆ ಎಂದು ತಲೆಗೆ ಹೊಳೆಯುವುದಾದರೂ ಹೇಗೆ? ಭಾರದ ಕೋವಿ ಬಾಬಾನ ಹೆಗಲಿಗೆ ಎಂದುಕೊಂಡೇ ಅವರು ಅದನ್ನು ಆರಿಸಿದ್ದು.

ಅಂಗಡಿಯಿಂದ ಹೊರಗೆ ಬರುವಾಗ ಬಾಬಾ ಕೋವಿಯ ಪೆಟ್ಟಿಗೆಯನ್ನು ದೂಮಣ್ಣನ ಕೈಗೆ ಕೊಟ್ಟು ಗಾಡಿಯ ಕಡೆ ನಡೆದ. ದೂಮಣ್ಣ ಅಲ್ಲೇ ನಿಂತರು. ನನ್ನ ಕಡೆ ನೋಡಲಿಲ್ಲ.

ಆಮೇಲೆ ಪ್ರತಿ ಶುಕ್ರವಾರ. ಗಾಡಿಯನ್ನು ಒಂದು ಕಡೆ ನಿಲ್ಲಿಸಿ ಬಾಬಾ ಮುಂದೆ, ಕೈಯಲ್ಲಿ ಜಪಮಣಿ. ಹಿಂದೆ ದೂಮಣ್ಣ, ಎಡಹೆಗಲಲ್ಲಿ ಕೋವಿ. ಅವರ ಹಿಂದೆ ನಾನು, ನೀರು, ಚಾಪೆ, ಚಹಾದ ಫ್ಲಾಸ್ಕು. ಮರಳಿನಲ್ಲಿ ಕಾಲು ಹೂತು ಹೂತು ನಡೆಯುವುದು. ಕೋವಿಯ ಪಟ್ಟಿ ಜಾರಿದಾಗ ಅವರು ಸರಿ ಮಾಡಿಕೊಳ್ಳುತ್ತಿರಲಿಲ್ಲ, ಬಾಬಾ ತಿರುಗಿ ನೋಡಿಯಾನು ಎಂದು. "ನಾನು ಹೊರ್ತೇನೆ, ಕೊಡಿ" ಎಂದರೆ, "ನೀನು ಹೊತ್ತರೆ ಅವನು ಯಾಕೆ ಅಂತ ಕೇಳ್ತಾನೆ. ನಡಿ" ಎನ್ನುತ್ತಿದ್ದರು. ಒಂದು ಸಲ ಮಾತ್ರ, "ನಾನೇ ಆರಿಸಿದ್ದಲ್ಲವಾ, ಕೋವಿ ಒಳ್ಳೇದುಂಟು" ಎಂದು ನಕ್ಕರು. ಬಾಬಾನ ಗುರಿ ನಿಜವಾಗಿಯೂ ಒಳ್ಳೆಯದಾಗಿತ್ತು. ನರಿ ಬಿತ್ತು.

ಒಂದು ಬೆಳಿಗ್ಗೆ ಎದುರಿಗೇ ಮೊಲ. ಮುಳ್ಳು ಗಿಡದ ಪಕ್ಕ ಎದ್ದು ಕೂತಿತ್ತು. ಬಾಬಾ ತಿರುಗದೆ ಹಿಂದಕ್ಕೆ ಕೈ ಚಾಚಿದ. ದೂಮಣ್ಣ ಎಡಹೆಗಲಿಂದ ಕೋವಿ ಇಳಿಸಿದರು. ಅದನ್ನು ಒಂದು ಕೈಯಲ್ಲಿ ಎತ್ತಿ ಕೊಡಲು ಆಗುವುದಿಲ್ಲ, ಬಲಗೈ ಬೇಕು. ಬಲಗೈ ಅರ್ಧ ಬಂತು. ಕೋವಿ ಬಾಯಿ ಕೆಳಗಾಗಿ ಮರಳಿಗೆ ಬಿತ್ತು. ಮೊಲ ನಮ್ಮನ್ನು ಸ್ವಲ್ಪ ಹೊತ್ತು ನೋಡಿ, ಅವಸರವಿಲ್ಲದೆ ಹೋಯಿತು.

ಬಾಬಾ ಕೂಗಾಡಲಿಲ್ಲ. ಕೋವಿಯನ್ನು ತಾನೇ ಎತ್ತಿ, ಗುಂಡು ತೆಗೆದು, ತನ್ನ ಬಿಳಿ ಬಟ್ಟೆಯ ತುದಿಯಲ್ಲೇ ನಳಿಗೆಯ ಬಾಯಿ ಒರೆಸಿದ. ಆಮೇಲೆ ದೂಮಣ್ಣನ ಮುಖ ನೋಡಿ ಮೆಲ್ಲಗೆ ಹೇಳಿದ, "ಕೈ ಮೇಲೆತ್ತು."

ದೂಮಣ್ಣ ನಕ್ಕು ಎಡಗೈ ಎತ್ತಿದರು.

"ಅದಲ್ಲ. ಇನ್ನೊಂದು."

ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ. ನಾನು ಮೊಲದ ಹೆಜ್ಜೆ ನೋಡುತ್ತಾ ನಿಂತೆ.

ಇಕಾಮಾ ರಿನಿವಲ್ ಆಗಲಿಲ್ಲ. ಬಾಬಾ ಟಿಕೆಟ್ ತೆಗೆದ, ಬರಬೇಕಾದ ಸಂಬಳ ಕೊಟ್ಟ, ಖರ್ಜೂರ ಕೊಟ್ಟ, ಒಂದು ಹೊಸ ಕಂಬಳಿ ಕೊಟ್ಟ. "ಮರೀಜ್, ಮನೆಗೆ ಹೋಗಿ ಆರಾಮ ಮಾಡು, ಖಲಾಸ್" ಎಂದ. ನೀನು ರೋಗಿ, ಇನ್ನು ಮುಗಿಯಿತು ಎಂದು. ನಿಜವಾಗಿ ಕಣ್ಣಲ್ಲಿ ನೀರು ಹಾಕಿದ. ಕೆಟ್ಟವನಾಗಿದ್ದರೆ ನಾನು ಬೈದಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಹೊರಡುವ ದಿನ ನಾನು ಕೋವಿಯ ಪೆಟ್ಟಿಗೆಗೆ ಒಂದು ಒದ್ದೆ. ದೂಮಣ್ಣ ನನಗೇ ಬೈದರು. "ಅದಕ್ಕೆ ಎಂತಕ್ಕೆ ಒದೀತಿ? ಅದು ಸರಿಯೇ ಉಂಟು."

ಮಳೆಗಾಲ ಹಿಡಿಯುವ ಮೊದಲು ಅವರ ತಂಗಿ ತೀರಿಕೊಂಡರು. ಡಯಾಲಿಸಿಸ್ ತಪ್ಪಿ ತಪ್ಪಿ ಹೋಗಿತ್ತಂತೆ. ದೂಮಣ್ಣ ಇಲ್ಲೇ ದುಡಿಯುತ್ತಿದ್ದಿದ್ದರೆ ತಂಗಿ ಉಳಿಯುತ್ತಿದ್ದರಾ? ಗೊತ್ತಿಲ್ಲ. ನಾನು ಡಾಕ್ಟರಲ್ಲ. ಸುದ್ದಿ ಕೇಳಿ ನಾನು ಫೋನಿನಲ್ಲಿ ಏನೇನೋ ತೊದಲಿದೆ. ಅವರು, "ನೀನು ಊಟ ಮಾಡಿದೆಯಾ?" ಎಂದು ಕೇಳಿ ಇಟ್ಟರು.

ಈಗ ಕೋವಿ ನನ್ನ ಹೆಗಲ ಮೇಲೆ. ಬಲಹೆಗಲು. ಅಂಗಿಯ ಕಲೆ ಅದರದ್ದೇ.

ಹೋದ ವಾರ ಬಾಬಾ ನನ್ನನ್ನು ಮತ್ತೆ ಅದೇ ಅಂಗಡಿಗೆ ಕರೆದುಕೊಂಡು ಹೋದ. ಅವನ ಅಳಿಯನೂ ಈ ಚಳಿಗೆ ಬೇಟೆಗೆ ಬರುತ್ತಾನಂತೆ, ಅವನಿಗೊಂದು ಬೇಕು, ದುಡ್ಡು ಹೋದ ಸಲದಷ್ಟೇ. ಅದೇ ವಾಸನೆ, ಅದೇ ಮಲಯಾಳಿ, ಮೇಜಿನ ಮೇಲೆ ಅದೇ ಎರಡು ಬಗೆ. ಸಪೂರ, ದಪ್ಪ. ನಾನು ದಪ್ಪದ್ದನ್ನು ಮರಳಿನ ಚೀಲಕ್ಕೆ ಇಟ್ಟು ನೋಡಿದೆ. ಎಮ್ಮೆ ಕೂತ ಹಾಗೆ ಕೂತಿತು. ಅದರ ಎದುರು ಸಪೂರದ್ದು ಏನೂ ಅಲ್ಲ.

ಬಾಬಾನ ಕಡೆ ತಿರುಗಿ ಕೇಳಿದೆ, ಇದನ್ನು ಹೊರುವವರು ಯಾರು?

ಬಾಬಾನಿಗೆ ಅದೊಂದು ಪ್ರಶ್ನೆಯೆಂದೇ ಅನ್ನಿಸಲಿಲ್ಲ. "ಇಂತಾ" ಎಂದ. ನೀನೇ. ಆಮೇಲೆ ಎರಡು ಬೆರಳು ತೋರಿಸಿದ. ಎರಡನ್ನೂ.

ನಾನು ಸಪೂರದ್ದಕ್ಕೆ ಕೈ ತೋರಿಸಿದೆ.

"ದೂಮಣ್ಣ ದಪ್ಪದ್ದು ಒಳ್ಳೇದು ಎಂದಿದ್ದ" ಎಂದ ಬಾಬಾ.

"ದೂಮಣ್ಣನಿಗೆ ಗೊತ್ತಿರಲಿಲ್ಲ" ಎಂದೆ.

ಬಾಬಾ ತಲೆಯಾಡಿಸಿದ. ಹಣ ಕೊಟ್ಟ. ಪೆಟ್ಟಿಗೆ ನನ್ನ ಕೈಗೆ ಬಂತು.

ಇವತ್ತು ಅಂಗಿಯ ವಾಸನೆ ಹಿಡಿದದ್ದೇ ದೂಮಣ್ಣನಿಗೆ ಫೋನು ಮಾಡಿದೆ, ನಡೆದದ್ದನ್ನು ಹೇಳಿದೆ. ನೀವು ಹೇಳಿದ್ದು ತಪ್ಪು ಎಂದು ಬಾಬಾನ ಎದುರು ಹೇಳಿ ಬಂದಿದ್ದೇನೆ ಎಂದೂ ಹೇಳಿದೆ.

"ಈಡು ನಡುಗ್ತದೆ ಮಾರಾಯ ಅದರಲ್ಲಿ."

"ನಡುಗಲಿ."

"ಹೂಂ. ನಡುಗಲಿ." ಆಮೇಲೆ, "ನಿನ್ನ ಹೆಗಲು ಸರಿ ಉಂಟಲ್ಲ?"

"ಸರಿ ಉಂಟು ದೂಮಣ್ಣ" ಎಂದೆ. ಫೋನು ಎಡಗೈಯಲ್ಲಿತ್ತು.